ಒಂದೇ ಸ್ಕೇಲ್, ಬೇರೆ ಬೇರೆ ಊರು: ಬ್ಯಾಂಕ್ ಮ್ಯಾನೇಜರ್ ಸಂಬಳದಲ್ಲಿ ಸ್ಥಳದ ಲೆಕ್ಕ

ಯಾದಗಿರಿ ಜಿಲ್ಲೆಯ ಹೋಬಳಿ ಕೇಂದ್ರದ ಶಾಖೆಯೊಂದರಲ್ಲಿ ಕೂತಿರುವ ಮ್ಯಾನೇಜರ್‌ಗೂ ಬೆಂಗಳೂರಿನ ಜಯನಗರದ ಶಾಖೆಯಲ್ಲಿ ಕೂತಿರುವ ಮ್ಯಾನೇಜರ್‌ಗೂ ಒಂದೇ ಸಂಬಳ ಕೊಡುವುದು ನ್ಯಾಯವೇ? ಸರ್ಕಾರಿ ಬ್ಯಾಂಕಿನ ಅಧಿಕಾರಿಗಳ ನಡುವೆ ಇದು ಹಳೇ ಜಗಳ. ನಗರದವರು ಬಾಡಿಗೆ ಚೀಟಿ ತೋರಿಸುತ್ತಾರೆ, ಹಳ್ಳಿಯವರು ಆಸ್ಪತ್ರೆ ಎಷ್ಟು ದೂರವೆಂದು ತೋರಿಸುತ್ತಾರೆ. ಈಗಿನ ವೇತನ ಒಪ್ಪಂದ 2022ರ ನವೆಂಬರ್ 1ರಿಂದ ಐದು ವರ್ಷದ್ದು, 2027ರ ಅಕ್ಟೋಬರ್ ಕೊನೆಗೆ ಅದರ ಅವಧಿ ತೀರುತ್ತದೆ. ಮುಂದಿನ ಒಪ್ಪಂದದ ಮಾತು ಶುರುವಾದಾಗ ಈ ಪ್ರಶ್ನೆ ಮತ್ತೆ ಮೇಲೇಳುವುದು ಖಚಿತ. ಬ್ಯಾಂಕ್ ಪರೀಕ್ಷೆ ಪಾಸಾಗಿ ಆಫರ್ ಲೆಟರ್ ಹಿಡಿದಿರುವ ಹುಡುಗ ಹುಡುಗಿಯರಿಗೂ ಅವರ ಮನೆಯವರಿಗೂ ಇದು ಅಷ್ಟೇ ಮುಖ್ಯ. ‘ಸಂಬಳ ಎಷ್ಟು’ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಮೊದಲ ಉತ್ತರವೇ ‘ಯಾವ ಊರು ಅನ್ನೋದರ ಮೇಲೆ’.

ಜಗಳ ಬಗೆಹರಿಯದಿರಲು ಒಂದು ಕಾರಣವಿದೆ. ‘ಸಮಾನ ಸಂಬಳ’ ಅಂದಾಗ ಒಬ್ಬರು ಕೈಗೆ ಬರುವ ಹಣ ಎಣಿಸುತ್ತಾರೆ, ಇನ್ನೊಬ್ಬರು ಆ ಹಣದಿಂದ ಏನು ಸಿಗುತ್ತದೆ ಎಂದು ನೋಡುತ್ತಾರೆ, ಮತ್ತೊಬ್ಬರು ಆ ಕುರ್ಚಿಯ ಹೊರೆ ಎಷ್ಟು ಎಂದು ಕೇಳುತ್ತಾರೆ. ಮೂರಕ್ಕೂ ಉತ್ತರ ಬೇರೆ. ಮೊದಲು ಸಂಬಳದ ಕಟ್ಟಡ ನೋಡೋಣ.

ಸ್ಕೇಲ್ ಅಂದರೇನು

1970ರ ದಶಕದವರೆಗೆ ಅಧಿಕಾರಿಗಳ ಸಂಬಳ ಬ್ಯಾಂಕಿಗೊಂದು ಥರ ಇತ್ತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಎಲ್ಲವೂ ಒಬ್ಬನೇ ಮಾಲೀಕನ ಕೈಗೆ ಬಂದವು. ಆಗ ಈ ಗೊಂದಲ ತಿದ್ದಲು ಪಿಳ್ಳೈ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಆಧಾರದ ಮೇಲೆ 1979ರ ಜುಲೈ 1ರಿಂದ ಅಧಿಕಾರಿಗಳ ಸೇವಾ ನಿಯಮಾವಳಿ ಜಾರಿಗೆ ಬಂತು. ಸ್ಕೇಲ್ ಅಂದರೆ ಮೂಲ ವೇತನ ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ಏರುತ್ತದೆ ಎಂಬ ಹಂತ. ನಾಲ್ಕು ಶ್ರೇಣಿ, ಏಳು ಸ್ಕೇಲ್: ಕಿರಿಯ ಶ್ರೇಣಿಯಲ್ಲಿ ಸ್ಕೇಲ್ 1, ಮಧ್ಯಮ ಶ್ರೇಣಿಯಲ್ಲಿ 2 ಮತ್ತು 3, ಹಿರಿಯ ಶ್ರೇಣಿಯಲ್ಲಿ 4 ಮತ್ತು 5, ಉನ್ನತ ಶ್ರೇಣಿಯಲ್ಲಿ 6 ಮತ್ತು 7. ಬಹುತೇಕ ಬ್ಯಾಂಕುಗಳಲ್ಲಿ ಸ್ಕೇಲ್ 2ಕ್ಕೆ ಮ್ಯಾನೇಜರ್, 3ಕ್ಕೆ ಸೀನಿಯರ್ ಮ್ಯಾನೇಜರ್, 4ಕ್ಕೆ ಚೀಫ್ ಮ್ಯಾನೇಜರ್ ಎಂಬ ಹೆಸರು. ಸ್ಟೇಟ್ ಬ್ಯಾಂಕಿನಲ್ಲಿ ಸ್ಕೇಲ್ 2 ಡೆಪ್ಯುಟಿ ಮ್ಯಾನೇಜರ್, 3 ಮ್ಯಾನೇಜರ್. ಆದ್ದರಿಂದ ಬರೀ ‘ಮ್ಯಾನೇಜರ್’ ಎಂಬ ಹುದ್ದೆಯ ಹೆಸರು ಹಿಡಿದು ಎರಡು ಬ್ಯಾಂಕುಗಳ ಸಂಬಳ ಹೋಲಿಸಿದರೆ ಮೊದಲ ಹೆಜ್ಜೆಯಲ್ಲೇ ಲೆಕ್ಕ ತಪ್ಪುತ್ತದೆ. ಹೋಲಿಸಬೇಕಾದ್ದು ಸ್ಕೇಲನ್ನು.

ಸಂಬಳದ ಮಾತುಕತೆ ನಡೆಯುವುದು ಭಾರತೀಯ ಬ್ಯಾಂಕುಗಳ ಸಂಘ, ಅಂದರೆ ಐಬಿಎ ಮತ್ತು ನೌಕರ-ಅಧಿಕಾರಿ ಸಂಘಟನೆಗಳ ನಡುವೆ. ಗುಮಾಸ್ತ ಮತ್ತು ಅಧೀನ ಸಿಬ್ಬಂದಿಗೆ ಅದು ದ್ವಿಪಕ್ಷೀಯ ಒಪ್ಪಂದ, ಅಧಿಕಾರಿಗಳಿಗೆ ಜಂಟಿ ಟಿಪ್ಪಣಿ. 2024ರ ಮಾರ್ಚ್ 8ರಂದು ಸಹಿಯಾದ ಜಂಟಿ ಟಿಪ್ಪಣಿಯ ಪ್ರಕಾರ ಸ್ಕೇಲ್ 1ರ ಮೂಲ ವೇತನ 48,480 ರೂಪಾಯಿಯಿಂದ ಶುರುವಾಗಿ 85,920ರವರೆಗೆ ಹೋಗುತ್ತದೆ. ಸ್ಕೇಲ್ 2 ಅಂದರೆ 64,820ರಿಂದ 93,960. ಸ್ಕೇಲ್ 3 ಅಂದರೆ 85,920ರಿಂದ 1,05,280. ಸ್ಕೇಲ್ 4 ಅಂದರೆ 1,02,300ರಿಂದ 1,20,940. ಒಂದು ಸ್ಕೇಲಿನ ತುದಿ ಮುಂದಿನ ಸ್ಕೇಲಿನ ಬುಡವನ್ನು ದಾಟಿರುವುದನ್ನು ಗಮನಿಸಿ. ಬಹಳ ವರ್ಷ ಸ್ಕೇಲ್ 2ರಲ್ಲೇ ಉಳಿದವರ ಬೇಸಿಕ್, ಹೊಸದಾಗಿ ಸ್ಕೇಲ್ 3ಕ್ಕೆ ಏರಿದವರದ್ದಕ್ಕಿಂತ ಜಾಸ್ತಿ ಇರಬಹುದು.

ಈ ಅಂಕಿಗಳಲ್ಲಿ ಎಲ್ಲಿಯೂ ಊರಿನ ಹೆಸರಿಲ್ಲ. ಸ್ಕೇಲ್ ಅಂಟಿಕೊಂಡಿರುವುದು ವ್ಯಕ್ತಿಗೆ. ಸ್ಕೇಲ್ ಮತ್ತು ಭತ್ಯೆಯ ಸಂಬಂಧ ಅಂಗಿ ಮತ್ತು ಸ್ವೆಟರ್ ಇದ್ದ ಹಾಗೆ: ಅಂಗಿ ಮೈಯಳತೆಗೆ ಹೊಲಿಸಿದ್ದು, ಎಲ್ಲಿ ಹೋದರೂ ಅದೇ. ಸ್ವೆಟರ್ ಮಡಿಕೇರಿಗೆ ಹೋದಾಗ ಹಾಕಿಕೊಂಡು ಮಂಗಳೂರಿಗೆ ಇಳಿದಾಗ ತೆಗೆದಿಡುವಂಥದ್ದು.

ಸಂಬಳ ಚೀಟಿಯಲ್ಲಿ ಊರು ಎಲ್ಲಿದೆ

ಮೂಲ ವೇತನದ ಕೆಳಗಿನ ದೊಡ್ಡ ಸಾಲು ತುಟ್ಟಿಭತ್ಯೆ, ಡಿಎ. ಬೆಲೆ ಏರಿಕೆಗೆ ತಕ್ಕಂತೆ ಮೂರು ತಿಂಗಳಿಗೊಮ್ಮೆ ಇದು ಬದಲಾಗುತ್ತದೆ. ಆದರೆ ಅದಕ್ಕೆ ಆಧಾರ ಕೈಗಾರಿಕಾ ಕಾರ್ಮಿಕರ ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕ. ದೇಶದ 88 ಕೇಂದ್ರಗಳ ಬೆಲೆಗಳನ್ನು ಒಟ್ಟು ಮಾಡಿ ತೆಗೆದ ಒಂದೇ ಅಂಕಿ ಅದು. ಬೆಂಗಳೂರಿನಲ್ಲಿ ಬಾಡಿಗೆ ಹಾರಿದರೂ ಬೀದರ್‌ನಲ್ಲಿ ನಿಂತಿದ್ದರೂ ಇಬ್ಬರ ಡಿಎ ದರ ಒಂದೇ. ‘ತುಟ್ಟಿಭತ್ಯೆ ಇದೆಯಲ್ಲ, ನಗರದ ದುಬಾರಿತನ ಅದರಲ್ಲೇ ಸರಿಹೋಗುತ್ತದೆ’ ಎಂದುಕೊಳ್ಳುವವರು ಬಹಳ ಮಂದಿ. ಹಾಗಾಗುವುದಿಲ್ಲ. ಡಿಎ ಹೋದ ವರ್ಷಕ್ಕೂ ಈ ವರ್ಷಕ್ಕೂ ಇರುವ ಅಂತರ ತುಂಬುತ್ತದೆಯೇ ಹೊರತು ಈ ಊರಿಗೂ ಆ ಊರಿಗೂ ಇರುವ ಅಂತರವನ್ನಲ್ಲ.

ಊರಿಗೆ ಸಂಬಂಧಿಸಿದ ಸಾಲುಗಳು ಇವು.

ಮನೆ ಬಾಡಿಗೆ ಭತ್ಯೆ, ಎಚ್‌ಆರ್‌ಎ. 2015ರ ಜಂಟಿ ಟಿಪ್ಪಣಿಯಲ್ಲಿ ಇದಕ್ಕೆ ಮೂರು ಮೆಟ್ಟಿಲಿದ್ದವು: ದೊಡ್ಡ ನಗರಗಳಿಗೆ ವೇತನದ 9%, ನಂತರದ ವರ್ಗಕ್ಕೆ ಮತ್ತು ರಾಜ್ಯ ರಾಜಧಾನಿಗಳಿಗೆ 8%, ಉಳಿದ ಊರುಗಳಿಗೆ 7%. 2020ರ ನವೆಂಬರ್‌ನ ಒಪ್ಪಂದ ಮೆಟ್ಟಿಲುಗಳನ್ನೇ ತೆಗೆದು ಎಲ್ಲ ಕಡೆಗೂ 10.25% ಮಾಡಿತು. ನಗರದವರಿಗೆ 1.25 ಅಂಶ ಏರಿತು, ಹಳ್ಳಿಯವರಿಗೆ 3.25 ಅಂಶ. ಯಾರ ಕೈಯಿಂದಲೂ ಕಿತ್ತುಕೊಂಡಿಲ್ಲ, ನಿಜ. ಆದರೆ ಊರಿನ ಗಾತ್ರಕ್ಕೆ ತಕ್ಕ ವ್ಯತ್ಯಾಸ ಎಂಬ ತತ್ವವನ್ನು ಈ ಸಾಲಿನಿಂದ ಅಲ್ಲಿಗೆ ಕೈಬಿಟ್ಟಂತಾಯಿತು.

ಕೇಂದ್ರ ಸರ್ಕಾರಿ ನೌಕರರ ಪದ್ಧತಿ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ 50 ಲಕ್ಷಕ್ಕೂ ಮೇಲಿನ ಜನಸಂಖ್ಯೆಯ ಎಕ್ಸ್ ನಗರ, 5ರಿಂದ 50 ಲಕ್ಷದ ವೈ ನಗರ, ಉಳಿದದ್ದು ಝಡ್. ಏಳನೇ ವೇತನ ಆಯೋಗದ ನಂತರ ದರ 24, 16, 8% ಇತ್ತು. ಡಿಎ 25% ದಾಟಿದಾಗ 27, 18, 9 ಆಯಿತು. 2024ರ ಜನವರಿಯಿಂದ ಡಿಎ 50% ಮುಟ್ಟಿದ ಮೇಲೆ 30, 20, 10. ಕರ್ನಾಟಕದಲ್ಲಿ ಎಕ್ಸ್ ಎಂದರೆ ಬೆಂಗಳೂರು ಮಾತ್ರ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. ಒಂದೇ ಬೀದಿಯ ಅಂಚೆ ಕಚೇರಿಗೂ ಬ್ಯಾಂಕಿಗೂ ಎಷ್ಟು ವ್ಯತ್ಯಾಸ ನೋಡಿ: 64,820 ರೂಪಾಯಿ ಬೇಸಿಕ್‌ಗೆ 30% ಅಂದರೆ 19,446 ರೂಪಾಯಿ, 10.25% ಅಂದರೆ 6,644.

ನಗರ ಪರಿಹಾರ ಭತ್ಯೆ, ಸಿಸಿಎ. ಹೆಸರು ದೊಡ್ಡದು, ಮೊತ್ತ ಸಣ್ಣದು. 2015ರ ಟಿಪ್ಪಣಿಯಲ್ಲಿ ಮೊದಲ ವರ್ಗದ ಊರುಗಳಿಗೆ ಬೇಸಿಕ್‌ನ 4% ಎಂದಿತ್ತು, ಆದರೆ ತಿಂಗಳಿಗೆ 870 ರೂಪಾಯಿ ಮೀರುವಂತಿರಲಿಲ್ಲ. ಶೇಕಡಾವಾರು ನೋಡಿ ಹಿಗ್ಗಿದವರು ಗರಿಷ್ಠ ಮಿತಿಯ ಸಾಲು ಓದಿ ಸುಮ್ಮನಾಗಬೇಕು. ಬ್ಯಾಂಕಿನ ಯಾವ ಭತ್ಯೆಯನ್ನೇ ಓದುವಾಗಲೂ ಶೇಕಡಾದ ಪಕ್ಕದಲ್ಲಿ ‘ಗರಿಷ್ಠ’ ಎಂಬ ಪದವಿದೆಯೇ ಎಂದು ಹುಡುಕುವುದು ಒಳ್ಳೆಯದು.

ಗುಡ್ಡಗಾಡು ಮತ್ತು ಇಂಧನ ಭತ್ಯೆ. ಸಮುದ್ರ ಮಟ್ಟದಿಂದ 1000 ಮೀಟರ್ ಮತ್ತು ಮೇಲಿನ ಊರುಗಳಿಗೆ, ಎತ್ತರ ಹೆಚ್ಚಿದಂತೆ ದರವೂ ಹೆಚ್ಚು. ಈ ಕಲಮಿನಲ್ಲಿ ಮರ್ಕೆರಾ ಪಟ್ಟಣ, ಅಂದರೆ ನಮ್ಮ ಮಡಿಕೇರಿಯ ಹೆಸರನ್ನು ಪ್ರತ್ಯೇಕವಾಗಿ ಬರೆದಿದ್ದಾರೆ.

ವಿಶೇಷ ಪ್ರದೇಶ ಭತ್ಯೆ ಈಶಾನ್ಯ ರಾಜ್ಯಗಳು, ಲಡಾಖ್, ಅಂಡಮಾನ್, ಲಕ್ಷದ್ವೀಪದಂಥ ಕಡೆ ಕೆಲಸ ಮಾಡುವವರಿಗೆ. ಕರ್ನಾಟಕದೊಳಗೆ ಓಡಾಡುವವರಿಗೆ ಇದರ ಸಂಬಂಧವಿಲ್ಲ. ಯಾದಗಿರಿ, ರಾಯಚೂರಿನ ಬಿಸಿಲಿಗೆ ಭತ್ಯೆ ಇಲ್ಲ.

ದೊಡ್ಡ ವ್ಯತ್ಯಾಸ ಬರುವುದು ಮನೆಯಿಂದ

ಹಾಗಾದರೆ ಊರಿನಿಂದ ಊರಿಗೆ ಸಂಬಳ ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ, ಬಹಳವೇ ಬದಲಾಗುತ್ತದೆ. ಆದರೆ ಅದು ಸಂಬಳ ಚೀಟಿಯಲ್ಲಿ ಕಾಣುವುದಿಲ್ಲ. ಸ್ಟೇಟ್ ಬ್ಯಾಂಕಿನ ಪ್ರೊಬೇಷನರಿ ಆಫೀಸರ್, ಅಂದರೆ ಹೊಸದಾಗಿ ಸ್ಕೇಲ್ 1ಕ್ಕೆ ಸೇರುವ ಅಧಿಕಾರಿಯ ಹುದ್ದೆಗೆ 2020ರ ಆಸುಪಾಸಿನಲ್ಲಿ ಹೊರಟ ಅಧಿಸೂಚನೆಗಳು ವರ್ಷಕ್ಕೆ ಒಟ್ಟು ವೆಚ್ಚದ ಲೆಕ್ಕದಲ್ಲಿ ಕನಿಷ್ಠ 8.20 ಲಕ್ಷ, ಗರಿಷ್ಠ 13.08 ಲಕ್ಷ ಎಂದು ಹೇಳುತ್ತಿದ್ದವು, ‘ನೇಮಕವಾಗುವ ಸ್ಥಳ ಮತ್ತಿತರ ಅಂಶಗಳ ಮೇಲೆ’. ಒಂದೇ ಪರೀಕ್ಷೆ, ಒಂದೇ ಸ್ಕೇಲ್, ಒಂದೇ ಬೇಸಿಕ್. ಅಂತರ ವರ್ಷಕ್ಕೆ 4.88 ಲಕ್ಷ. ಇದರಲ್ಲಿ ದೊಡ್ಡ ಪಾಲು ವಸತಿ ಸೌಲಭ್ಯದ್ದು.

ಬ್ಯಾಂಕಿನವರು ಇದನ್ನು ‘ಲೀಸ್ ಮನೆ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಹಣ ಮಾಲೀಕರಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವ ಲೀಸ್ ಇದಲ್ಲ. ಇಲ್ಲಿ ಅಧಿಕಾರಿ ಮನೆ ಹುಡುಕುತ್ತಾರೆ, ಬ್ಯಾಂಕ್ ಮಾಲೀಕರ ಜೊತೆ ಕರಾರು ಮಾಡಿಕೊಂಡು ಬಾಡಿಗೆಯನ್ನು ನೇರವಾಗಿ ಅವರ ಖಾತೆಗೆ ಹಾಕುತ್ತದೆ. ಅಧಿಕಾರಿಗೆ ಎಚ್‌ಆರ್‌ಎ ನಿಲ್ಲುತ್ತದೆ, ಸಂಬಳದಿಂದ ಒಂದು ಸಣ್ಣ ಮೊತ್ತ ಕಡಿತವಾಗುತ್ತದೆ. ಬ್ಯಾಂಕ್ ಎಷ್ಟರವರೆಗೆ ಬಾಡಿಗೆ ಕೊಡಬಹುದು ಎಂಬ ಮಿತಿ ಎರಡು ಸಂಗತಿಗಳ ಮೇಲೆ ನಿಲ್ಲುತ್ತದೆ: ಊರಿನ ವರ್ಗ ಮತ್ತು ಅಧಿಕಾರಿಯ ಸ್ಕೇಲ್. ಈ ಮಿತಿಯನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿ ನಿರ್ಧರಿಸುತ್ತದೆ, ಹಾಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ಒಂದು ಉದಾಹರಣೆ ಕಟ್ಟೋಣ. ಇಬ್ಬರು ಸ್ಕೇಲ್ 2 ಮ್ಯಾನೇಜರ್‌ಗಳು, ಇಬ್ಬರ ಬೇಸಿಕ್ 64,820. ಬೆಂಗಳೂರಿನವರ ಬಾಡಿಗೆ 26,000, ತಾಲೂಕು ಕೇಂದ್ರದವರದ್ದು 8,000 ಎಂದಿಟ್ಟುಕೊಳ್ಳಿ. ಇಬ್ಬರೂ 10.25% ಎಚ್‌ಆರ್‌ಎ ಪಡೆದರೆ ಬೆಂಗಳೂರಿನವರು ಕೈಯಿಂದ 19,356 ಹಾಕಬೇಕು, ತಾಲೂಕಿನವರು 1,356. ಅಂತರ ತಿಂಗಳಿಗೆ 18,000. ಇದು ಸಣ್ಣ ಮೊತ್ತವಲ್ಲ. ಸ್ಕೇಲ್ 2ರ ಮೊದಲ ಹಂತಕ್ಕೂ ಸ್ಕೇಲ್ 3ರ ಮೊದಲ ಹಂತಕ್ಕೂ ಇರುವ ವ್ಯತ್ಯಾಸವೇ 21,100. ಬರೀ ಊರು ಬದಲಾಗಿದ್ದರಿಂದ ಹೆಚ್ಚುಕಡಿಮೆ ಒಂದು ಬಡ್ತಿ ಕೈತಪ್ಪಿದ ಹಾಗಾಯಿತು.

ಬಾಡಿಗೆ ರಸೀದಿ ಕೊಟ್ಟರೆ ಎಚ್‌ಆರ್‌ಎ ಸ್ವಲ್ಪ ಹೆಚ್ಚು ಸಿಗುವ ದಾರಿ ಇದೆ. ಅದಕ್ಕೂ ಮಿತಿ ಎಚ್‌ಆರ್‌ಎಯ 150%, ಅಂದರೆ ನಮ್ಮ ಉದಾಹರಣೆಯಲ್ಲಿ 9,966. ಅದೂ 26,000ದ ಹತ್ತಿರ ಬರುವುದಿಲ್ಲ.

ಈಗ ಇಬ್ಬರೂ ಲೀಸ್ ಮನೆ ತೆಗೆದುಕೊಂಡರು, ಬಾಡಿಗೆ ಮಿತಿಯೊಳಗೇ ಇದೆ ಎಂದುಕೊಳ್ಳಿ. ಬ್ಯಾಂಕ್ ಒಬ್ಬರಿಗೆ 26,000 ಕೊಡುತ್ತದೆ, ಇನ್ನೊಬ್ಬರಿಗೆ 8,000. ಇಬ್ಬರಿಗೂ ಮನೆ ಸಿಕ್ಕಿತು, ಇಬ್ಬರ ಕೈಗೂ ಹೆಚ್ಚುಕಡಿಮೆ ಒಂದೇ ಹಣ ಬಂತು. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಬೆಂಗಳೂರಿನವರ ಮೇಲೆ 18,000 ಹೆಚ್ಚು ಖರ್ಚು. ಹಳ್ಳಿಯ ಮ್ಯಾನೇಜರ್ ‘ನಗರದವರಿಗೆ ಜಾಸ್ತಿ ಕೊಡ್ತಾರೆ’ ಅನ್ನುವುದು ಈ ಲೆಕ್ಕ ನೋಡಿ. ನಗರದವರು ‘ನಮಗೇನೂ ಹೆಚ್ಚಿಲ್ಲ’ ಅನ್ನುವುದು ಕೈಗೆ ಬಂದದ್ದು ನೋಡಿ. ಎರಡೂ ಮಾತಿನಲ್ಲಿ ಸುಳ್ಳಿಲ್ಲ.

ಸ್ವಂತ ಮನೆ ಇರುವ ಊರಿಗೇ ವರ್ಗವಾದವರ ಕಥೆ ಬೇರೆ. ಅವರಿಗೆ ಬಾಡಿಗೆಯೇ ಇಲ್ಲ, ಎಚ್‌ಆರ್‌ಎ ಪೂರ್ತಿ ಉಳಿತಾಯ. ಅದೇ ಅಧಿಕಾರಿ ಬೇರೆ ಊರಿಗೆ ಹೋದ ಮರುದಿನ ಲೆಕ್ಕ ತಲೆಕೆಳಗು.

ಊರನ್ನು ಸ್ಕೇಲಿಗೇ ಸೇರಿಸಿಬಿಟ್ಟರೆ?

ಇಷ್ಟೆಲ್ಲ ತೊಡಕಿನ ಬದಲು ನಗರದ ಮ್ಯಾನೇಜರ್‌ಗೆ ಒಂದು ವೇತನ ಶ್ರೇಣಿ, ಹಳ್ಳಿಯವರಿಗೆ ಇನ್ನೊಂದು ಎಂದು ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಬ್ಯಾಂಕುಗಳು ಈ ದಾರಿಯನ್ನು ಎರಡು ಸಲ ನಡೆದು ನೋಡಿವೆ.

ಮೊದಲನೆಯದು 1953ರ ಶಾಸ್ತ್ರಿ ನ್ಯಾಯಮಂಡಳಿಯ ತೀರ್ಪು. ಗುಮಾಸ್ತ ಮತ್ತು ಅಧೀನ ಸಿಬ್ಬಂದಿಗಾಗಿ ಅದು ಬ್ಯಾಂಕುಗಳನ್ನು ಗಾತ್ರಕ್ಕೆ ತಕ್ಕಂತೆ ನಾಲ್ಕು ವರ್ಗವಾಗಿ, ಊರುಗಳನ್ನು ಜನಸಂಖ್ಯೆಗೆ ತಕ್ಕಂತೆ ಮೂರು ವರ್ಗವಾಗಿ ವಿಂಗಡಿಸಿ ಬೇರೆ ಬೇರೆ ವೇತನ ಶ್ರೇಣಿ ಕೊಟ್ಟಿತು. ಮುಂದೆ ದ್ವಿಪಕ್ಷೀಯ ಒಪ್ಪಂದಗಳ ಕಾಲದಲ್ಲಿ ಮೂಲ ವೇತನ ಒಂದಾಯಿತು, ಊರಿನ ವ್ಯತ್ಯಾಸ ಭತ್ಯೆಗಳಿಗೆ ಇಳಿಯಿತು. ‘ಏರಿಯಾ ಒಂದು’ ಎಂಬ ಪದ ಈಚಿನವರೆಗೂ ಭತ್ಯೆಯ ಕಲಮುಗಳಲ್ಲಿ ಉಳಿದಿದ್ದು ಆ ಕಾಲದ ಕುರುಹು.

ಎರಡನೆಯದು ಗ್ರಾಮೀಣ ಬ್ಯಾಂಕುಗಳು, ನಮ್ಮ ಪ್ರಶ್ನೆಗೆ ಇದೇ ಹೆಚ್ಚು ಹತ್ತಿರದ್ದು. 1975ರಲ್ಲಿ ಇವನ್ನು ತೆರೆದಾಗ ಇದ್ದ ವಿಚಾರ ಸ್ಪಷ್ಟ: ಹಳ್ಳಿಯ ಶಾಖೆಗೆ ಪಟ್ಟಣದ ಸಂಬಳ ಕೊಟ್ಟರೆ ಖರ್ಚು ತಾಳುವುದಿಲ್ಲ, ಸ್ಥಳೀಯರನ್ನು ಸ್ಥಳೀಯ ಮಟ್ಟದ ಸಂಬಳಕ್ಕೆ ತೆಗೆದುಕೊಳ್ಳೋಣ. 1976ರ ಕಾಯ್ದೆಯ 17ನೇ ಕಲಮು, ಆ ಪ್ರದೇಶದ ರಾಜ್ಯ ಸರ್ಕಾರಿ ಮತ್ತು ಸ್ಥಳೀಯ ಸಂಸ್ಥೆಗಳ ನೌಕರರ ಸಂಬಳವನ್ನು ಗಮನದಲ್ಲಿಟ್ಟುಕೊಂಡು ವೇತನ ನಿಗದಿ ಮಾಡಬೇಕೆಂದಿತು. ಒಂದೇ ಊರಿನ ಎದುರುಬದುರು ಕಟ್ಟಡದಲ್ಲಿ ವಾಣಿಜ್ಯ ಬ್ಯಾಂಕಿನ ಮ್ಯಾನೇಜರ್‌ಗೆ ಒಂದು ಸಂಬಳ, ಗ್ರಾಮೀಣ ಬ್ಯಾಂಕಿನ ಮ್ಯಾನೇಜರ್‌ಗೆ ಕಡಿಮೆ ಸಂಬಳ. ಬರೆಯುವುದು ಅದೇ ಬೆಳೆ ಸಾಲದ ಅರ್ಜಿ. ವಿವಾದ ನ್ಯಾಯಮೂರ್ತಿ ಓಬುಳ್ ರೆಡ್ಡಿ ಅವರ ರಾಷ್ಟ್ರೀಯ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1990ರ ಏಪ್ರಿಲ್ 30ರ ತೀರ್ಪು ಪ್ರಾಯೋಜಕ ಬ್ಯಾಂಕಿನವರಿಗೆ, ಅಂದರೆ ಆ ಗ್ರಾಮೀಣ ಬ್ಯಾಂಕನ್ನು ಹುಟ್ಟುಹಾಕಿದ ವಾಣಿಜ್ಯ ಬ್ಯಾಂಕಿನವರಿಗೆ, ಸಮನಾದ ಸಂಬಳ ಕೊಡಿಸಿತು, 1987ರ ಸೆಪ್ಟೆಂಬರ್ 1ರಿಂದ ಅನ್ವಯವಾಗುವಂತೆ. ಆಮೇಲಿನ ಪರಿಷ್ಕರಣೆಗಳಿಗೂ ಈ ಸಮಾನತೆ ಅನ್ವಯಿಸಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ‘ಹಳ್ಳಿ, ಆದ್ದರಿಂದ ಕಡಿಮೆ’ ಎಂಬ ತರ್ಕ ನಿಲ್ಲಲಿಲ್ಲ.

ಇತಿಹಾಸವನ್ನು ಬಿಟ್ಟು ಲೆಕ್ಕದ ಕಡೆಯಿಂದ ನೋಡಿದರೂ ತೊಡಕು ಕಾಣುತ್ತದೆ. ಬೇಸಿಕ್ ಎಂಬುದು ಒಂಟಿ ಸಾಲಲ್ಲ, ಅದರ ಮೇಲೆ ಡಿಎ ಲೆಕ್ಕ ಹಾಕುತ್ತಾರೆ, ಗ್ರಾಚ್ಯುಟಿ ನಿಲ್ಲುತ್ತದೆ, ಹಳೇ ಪಿಂಚಣಿಯೂ ನಿಲ್ಲುತ್ತದೆ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಬ್ಯಾಂಕ್ ಕಟ್ಟುವ 14% ಪಾಲೂ ವೇತನ ಮತ್ತು ಡಿಎ ಮೇಲೆಯೇ. ಎಚ್‌ಆರ್‌ಎ, ಸಿಸಿಎಗಳು ಪಿಂಚಣಿಗೆ ಬರುವುದಿಲ್ಲ. ಊರಿನ ವ್ಯತ್ಯಾಸವನ್ನು ಬೇಸಿಕ್‌ನಲ್ಲಿ ಸೇರಿಸಿದರೆ ನಿವೃತ್ತಿಯ ಹೊತ್ತಿಗೆ ಬೆಂಗಳೂರಿನಲ್ಲಿದ್ದವರಿಗೆ ಜೀವನಪೂರ್ತಿ ಹೆಚ್ಚು ಪಿಂಚಣಿ, ಸಿಂಧನೂರಿನಲ್ಲಿದ್ದವರಿಗೆ ಕಡಿಮೆ. ನಿವೃತ್ತರಾದ ಮೇಲೆ ಇಬ್ಬರೂ ಮೈಸೂರಿನ ಒಂದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರಬಹುದು!

ಮೇಲಾಗಿ ಅಧಿಕಾರಿಗಳದ್ದು ದೇಶದ ಯಾವ ಮೂಲೆಗಾದರೂ ಹೋಗಬೇಕಾದ ಕೆಲಸ, ಒಂದು ಶಾಖೆಯಲ್ಲಿ ಸಾಮಾನ್ಯವಾಗಿ ಎರಡು-ಮೂರು ವರ್ಷ. ಶ್ರೇಣಿಯೇ ಊರಿಗೆ ಅಂಟಿದ್ದರೆ ನಗರದಿಂದ ಹಳ್ಳಿಗೆ ಹೋಗುವ ಪ್ರತಿ ವರ್ಗಾವಣೆಯೂ ಹಿಂಬಡ್ತಿ. ಆಗ ವರ್ಗಾವಣೆ ಆದೇಶ ಕೋರ್ಟಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ.

ಖಾಸಗಿ ಬ್ಯಾಂಕುಗಳ ದಾರಿ ಬೇರೆ. ಹೊಸ ತಲೆಮಾರಿನ ಖಾಸಗಿ ಬ್ಯಾಂಕುಗಳು ಐಬಿಎ ಒಪ್ಪಂದದ ಚೌಕಟ್ಟಿನಲ್ಲಿಲ್ಲ. ಅಲ್ಲಿ ಗ್ರೇಡ್ ಒಂದೇ ಇದ್ದರೂ ನಗರ, ಅನುಭವ, ಚೌಕಾಸಿ ಸೇರಿ ಮೊತ್ತ ನಿರ್ಧಾರವಾಗುತ್ತದೆ. ಪಕ್ಕದ ಮೇಜಿನವರ ಸಂಬಳ ಎಷ್ಟೆಂದು ಗೊತ್ತಿರುವುದೂ ಇಲ್ಲ.

ಶಾಖೆಯ ದರ್ಜೆ ಬೇರೆ, ಊರಿನ ವರ್ಗ ಬೇರೆ

ಇಲ್ಲಿ ಎರಡು ವಿಂಗಡಣೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಊರಿನ ವರ್ಗ ರಿಸರ್ವ್ ಬ್ಯಾಂಕಿನದ್ದು: ಜನಸಂಖ್ಯೆ 10,000ಕ್ಕಿಂತ ಕಡಿಮೆ ಇದ್ದರೆ ಗ್ರಾಮೀಣ, 1 ಲಕ್ಷದೊಳಗೆ ಅರೆ ಪಟ್ಟಣ, 10 ಲಕ್ಷದೊಳಗೆ ನಗರ, ಅದಕ್ಕೆ ಮೇಲೆ ಮಹಾನಗರ. ಶಾಖೆಯ ದರ್ಜೆ ಬ್ಯಾಂಕಿನದ್ದು: ಠೇವಣಿ ಮತ್ತು ಸಾಲ ಸೇರಿ ಎಷ್ಟು ವ್ಯವಹಾರವಿದೆ ಎಂಬುದರ ಮೇಲೆ ಸಣ್ಣ, ಮಧ್ಯಮ, ದೊಡ್ಡ, ಅತಿ ದೊಡ್ಡ ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಸ್ಕೇಲಿನ ಮುಖ್ಯಸ್ಥ ಎಂದು ನಿಗದಿ ಮಾಡುತ್ತಾರೆ. ಅಡಿಕೆ ವ್ಯಾಪಾರದ ಊರಿನ ಅರೆ ಪಟ್ಟಣ ಶಾಖೆಗೆ ಸ್ಕೇಲ್ 4ರವರು ಬರಬಹುದು, ಬೆಂಗಳೂರಿನ ಹೊಸ ಬಡಾವಣೆಯಲ್ಲಿ ಹೋದ ವರ್ಷ ತೆರೆದ ಶಾಖೆಗೆ ಸ್ಕೇಲ್ 2ರವರು.

ಆದರೂ ಒಟ್ಟಾರೆ ನೋಡಿದರೆ ಹಳ್ಳಿಯ ಶಾಖೆಗಳ ವ್ಯವಹಾರ ಮೊತ್ತ ಕಡಿಮೆ, ಹಾಗಾಗಿ ಅಲ್ಲಿ ಸ್ಕೇಲ್ 1 ಮತ್ತು 2ರವರೇ ಹೆಚ್ಚು. ನ್ಯಾಯದ ನಿಜವಾದ ಪ್ರಶ್ನೆ ನನ್ನ ಮಟ್ಟಿಗೆ ಇಲ್ಲಿದೆ. ದರ್ಜೆ ಅಳೆಯುವುದು ರೂಪಾಯಿಯಲ್ಲಿ, ಕೆಲಸ ಬರುವುದು ಅರ್ಜಿಗಳಲ್ಲಿ. 50 ಲಕ್ಷದ ಒಂದು ಗೃಹ ಸಾಲ ಒಂದು ಕಡತ. ಅದೇ 50 ಲಕ್ಷವನ್ನು ತಲಾ 1 ಲಕ್ಷದ ಬೆಳೆ ಸಾಲವಾಗಿ ಕೊಟ್ಟರೆ 50 ಕಡತ, 50 ಪಹಣಿ, 50 ನವೀಕರಣ, ಮಳೆ ಕೈಕೊಟ್ಟರೆ 50 ಮನೆಗಳ ಭೇಟಿ. ಆದ್ಯತಾ ವಲಯಕ್ಕೆ ಬ್ಯಾಂಕಿನ ಸಾಲದ 40%, ಅದರೊಳಗೆ ಕೃಷಿಗೆ 18% ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ಗುರಿಯ ಹೊರೆ ಬಹುಪಾಲು ಈ ಸಣ್ಣ ಶಾಖೆಗಳ ಮೇಲೇ ಬೀಳುತ್ತದೆ.

ನಾಲ್ಕು ಜನರ ಶಾಖೆಯ ಇನ್ನೊಂದು ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ: ಕೀಲಿ. ನಗದು ತಿಜೋರಿಗೆ ಎರಡು ಕೀಲಿ, ಇಬ್ಬರ ಜಂಟಿ ಸುಪರ್ದಿ. ಒಂದು ಸಾಮಾನ್ಯವಾಗಿ ಮ್ಯಾನೇಜರ್ ಅಥವಾ ಇನ್ನೊಬ್ಬ ಅಧಿಕಾರಿಯ ಬಳಿ, ಇನ್ನೊಂದು ಕ್ಯಾಶಿಯರ್ ಬಳಿ. ಎರಡೂ ಕೂಡದೆ ಬಾಗಿಲು ತೆರೆಯುವುದಿಲ್ಲ. ದೊಡ್ಡ ಶಾಖೆಯಲ್ಲಿ ಕೀಲಿ ವಹಿಸಿಕೊಳ್ಳಲು ಐದಾರು ಜನ ಸಿಗುತ್ತಾರೆ. ಇಲ್ಲಿ ಮಗುವಿಗೆ ಜ್ವರ ಬಂದರೂ ಕೀಲಿ ಯಾರಿಗೆ ಬರೆದುಕೊಡುವುದು ಎಂದು ತೀರ್ಮಾನವಾಗದೆ ರಜೆ ಇಲ್ಲ.

ಮಹಾನಗರದ ಮ್ಯಾನೇಜರ್‌ದು ಇನ್ನೊಂದು ಬಗೆಯ ಹೊರೆ. ಸಾಲ ಮಂಜೂರು ಮಾಡುವ ಅಧಿಕಾರ ಸ್ಕೇಲಿಗೆ ತಕ್ಕಂತೆ ಏರುತ್ತದೆ, ಜೊತೆಗೆ ಹೊಣೆಯೂ. ಒಂದು ದೊಡ್ಡ ಸಾಲ ಕೆಟ್ಟರೆ ಸಿಬ್ಬಂದಿ ಹೊಣೆಗಾರಿಕೆಯ ತನಿಖೆ ವರ್ಗಾವಣೆಯಾದ ಮೇಲೂ, ಕೆಲವೊಮ್ಮೆ ನಿವೃತ್ತಿಯ ಅಂಚಿನವರೆಗೂ ಹಿಂಬಾಲಿಸುತ್ತದೆ.

ಶಾಖೆ ಬೆಳೆದು ದರ್ಜೆ ಏರಿದರೂ ಅಲ್ಲಿರುವ ಮ್ಯಾನೇಜರ್ ಸ್ಕೇಲ್ ತಾನಾಗಿ ಏರುವುದಿಲ್ಲ. ಮೇಲಿನ ಸ್ಕೇಲಿನ ಹುದ್ದೆಯನ್ನು ಏಳು ದಿನಕ್ಕೆ ಕಡಿಮೆಯಿಲ್ಲದಂತೆ ನಿಭಾಯಿಸಿದರೆ ಪ್ರಭಾರ ಭತ್ಯೆಗೆ ಅವಕಾಶವಿದೆ, ಆದರೆ ಅದಕ್ಕೆ ಲಿಖಿತ ಆದೇಶ ಬೇಕು. ‘ನೀವೇ ನೋಡಿಕೊಳ್ಳಿ’ ಎಂಬ ಫೋನ್ ಕರೆಗೆ ಭತ್ಯೆ ಬರುವುದಿಲ್ಲ.

ಯಾವ ಅಳತೆಗೋಲು

ಈಗ ಮೊದಲ ಪ್ರಶ್ನೆಗೆ ಬರಬಹುದು. ಊರಿನ ಖರ್ಚು ನೋಡಿ ಸಂಬಳ ಕೊಡಬೇಕು ಎಂದರೆ ನಗರದವರಿಗೆ ಹೆಚ್ಚು ಬೇಕು, ಎಲ್ಲರಿಗೂ 10.25% ಎಂಬುದು ಈ ಅಳತೆಗೆ ಸೋಲುತ್ತದೆ, ಲೀಸ್ ಮನೆ ಅದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಊರಿನ ಕಷ್ಟ ನೋಡಿ ಕೊಡಬೇಕು ಎಂದರೆ ಶಾಲೆ, ಆಸ್ಪತ್ರೆ ದೂರವಿರುವ ಕಡೆಯವರಿಗೆ ಹೆಚ್ಚು ಬೇಕು. ಗುಡ್ಡ ಮತ್ತು ಗಡಿ ಪ್ರದೇಶಗಳನ್ನು ಬಿಟ್ಟರೆ ಈ ಅಳತೆ ಬ್ಯಾಂಕುಗಳಲ್ಲಿ ಹೆಚ್ಚು ಬಳಕೆಯಲ್ಲಿಲ್ಲ. ಬದಲಿಗೆ ಅದನ್ನು ಬಡ್ತಿಯ ಷರತ್ತಾಗಿ ಮಾಡಿದ್ದಾರೆ, ಗ್ರಾಮೀಣ ಅಥವಾ ಅರೆ ಪಟ್ಟಣದ ಸೇವೆ ಇಲ್ಲದೆ ಮೇಲಿನ ಸ್ಕೇಲಿಗೆ ಹೋಗುವುದು ಕಷ್ಟ. ಹಣದ ಬದಲು ಹಂತದಲ್ಲಿ ಕೊಡುವ ಪ್ರತಿಫಲ ಅದು. ಇನ್ನು ಕೆಲಸದ ಹೊಣೆ ನೋಡಬೇಕು ಎಂದರೆ ಶಾಖೆಯ ದರ್ಜೆಯನ್ನು ಮೊತ್ತದಿಂದ ಮಾತ್ರ ಅಳೆಯುವುದೇ ಚರ್ಚೆಯ ವಿಷಯ.

ಹೊರದೇಶದ ಒಂದು ಪದ್ಧತಿ ಈ ಗೊಂದಲವನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರಿಗೆ 1994ರಿಂದ ಸ್ಥಳಾಧಾರಿತ ವೇತನವಿದೆ. ಅದು ಅಲ್ಲಿನ ಬಾಡಿಗೆ, ತರಕಾರಿ ಬೆಲೆ ನೋಡುವುದಿಲ್ಲ. ಅದೇ ಊರಿನ ಇತರ ಉದ್ಯೋಗದಾತರು ಅಂಥದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಎಂದು ನೋಡುತ್ತದೆ. ಜನ ಬಿಟ್ಟುಹೋಗಬಾರದು ಎಂಬುದು ಅಲ್ಲಿನ ಗುರಿ, ಖರ್ಚು ತೂಗಿಸುವುದಲ್ಲ.

ಎಲ್ಲಿ ಎಡವುತ್ತದೆ

ದೊಡ್ಡ ತೊಂದರೆ ಜನಗಣತಿಯದ್ದು. ಊರಿನ ವರ್ಗಕ್ಕೆ ಇವತ್ತಿಗೂ ಆಧಾರ 2011ರ ಗಣತಿ. ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದು ನಗರದ ಬಾಡಿಗೆ ಬಂದರೂ ದಾಖಲೆಯಲ್ಲಿ ಅವು ಹಳ್ಳಿಗಳೇ. ಅಲ್ಲಿಗೆ ವರ್ಗವಾದವರ ಲೀಸ್ ಮಿತಿ ಹಳ್ಳಿಯದ್ದು, ಮಾಲೀಕರು ಕೇಳುವುದು ನಗರದ ಬಾಡಿಗೆ. ವ್ಯತ್ಯಾಸ ಜೇಬಿನಿಂದ. ಇದಕ್ಕೆ ಉಲ್ಟಾ ಲಾಭ ಪಡೆಯುವವರೂ ಇದ್ದಾರೆ: ಅಂಥ ಶಾಖೆಯಲ್ಲಿ ಕೆಲಸ ಮಾಡಿ ನಗರದಲ್ಲೇ ವಾಸವಿದ್ದರೂ ಬಡ್ತಿಗೆ ಬೇಕಾದ ಗ್ರಾಮೀಣ ಸೇವೆ ಜಮಾ ಆಗುತ್ತದೆ. ಮುಂದಿನ ಗಣತಿಯ ಉಲ್ಲೇಖ ದಿನ, ಅಂದರೆ ಎಣಿಕೆಗೆ ಆಧಾರವಾಗುವ ದಿನ, 2027ರ ಮಾರ್ಚ್ 1. ಅದರ ಅಂಕಿಗಳು ಬಂದು ವರ್ಗಗಳು ಬದಲಾದಾಗ ಬಹಳ ಶಾಖೆಗಳ ಲೆಕ್ಕ ಅಲುಗಾಡುತ್ತದೆ.

ಇನ್ನೊಂದು, ಎರಡು ಒಲೆ. ಮಕ್ಕಳ ಶಾಲೆಗಾಗಿ ಕುಟುಂಬ ಹುಬ್ಬಳ್ಳಿಯಲ್ಲಿ ಉಳಿದು ಮ್ಯಾನೇಜರ್ ಮಾತ್ರ ಹೊಸ ಊರಿಗೆ ಹೋದರೆ ಎರಡು ಬಾಡಿಗೆ. ಭತ್ಯೆಯ ನಿಯಮ ಕೆಲಸದ ಊರನ್ನೇ ಹಿಡಿಯುತ್ತದೆ. ಶೈಕ್ಷಣಿಕ ವರ್ಷದ ನಡುವೆ ವರ್ಗವಾದರೆ ಕೊಡುವ ಭತ್ಯೆ ಇದೆ, ಹಳೇ ಊರಿನ ಲೀಸ್ ಮನೆಯನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಲು ಹಲವು ಬ್ಯಾಂಕುಗಳು ಬಿಡುತ್ತವೆ. ಎರಡೂ ತಾತ್ಕಾಲಿಕ, ಎರಡಕ್ಕೂ ಅರ್ಜಿ ಬರೆದು ಕೇಳಬೇಕು.

ವರ್ಗಾವಣೆ ಆದೇಶ ಬಂದಾಗ

ಹೊಸ ಊರಿನ ಲಾಭ ನಷ್ಟ ತೂಗುವಾಗ ಮೊದಲು ಆ ಶಾಖೆ ಯಾವ ವರ್ಗದಲ್ಲಿದೆ ಎಂದು ಸಿಬ್ಬಂದಿ ವಿಭಾಗದಿಂದಲೇ ತಿಳಿದುಕೊಳ್ಳಿ, ಊರು ನೋಡಿ ಊಹಿಸಬೇಡಿ. ನಿಮ್ಮ ಸ್ಕೇಲಿಗೆ ಆ ವರ್ಗದ ಲೀಸ್ ಮಿತಿ ಎಷ್ಟು, ಮುಂಗಡ ಎಷ್ಟು ತಿಂಗಳದ್ದು ಎಂಬ ಸುತ್ತೋಲೆ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಮಾಲೀಕರು ಆರರಿಂದ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದುಂಟು, ಬ್ಯಾಂಕ್ ಅಷ್ಟು ಕೊಡದಿದ್ದರೆ ಉಳಿದದ್ದು ನಿಮ್ಮ ತಲೆಗೆ.

ಆಮೇಲೆ ಎರಡು ಲೆಕ್ಕ ಹಾಕಿ. ಎಚ್‌ಆರ್‌ಎ ಪಡೆದರೆ: ಬೇಸಿಕ್‌ನ 10.25%ದಿಂದ ಬಾಡಿಗೆ ಕಳೆಯಿರಿ. ಲೀಸ್ ಪಡೆದರೆ: ಎಚ್‌ಆರ್‌ಎ ಸೊನ್ನೆ, ಕಡಿತದ ಮೊತ್ತ, ಮಿತಿ ಮೀರಿದ ಬಾಡಿಗೆ, ಜೊತೆಗೆ ತೆರಿಗೆ. ತೆರಿಗೆಯನ್ನು ಮರೆಯುವವರೇ ಹೆಚ್ಚು. ಬ್ಯಾಂಕ್ ಬಾಡಿಗೆಗೆ ಪಡೆದು ಕೊಟ್ಟ ಮನೆ ಸೌಲಭ್ಯ ರೂಪದ ಆದಾಯ. 2023ರ ಸೆಪ್ಟೆಂಬರ್‌ನಿಂದ ಅದರ ಮೌಲ್ಯ ನಿಜವಾದ ಬಾಡಿಗೆ ಅಥವಾ ಸಂಬಳದ 10%, ಯಾವುದು ಕಡಿಮೆಯೋ ಅದು, ನಿಮ್ಮಿಂದ ಕಡಿತವಾದದ್ದನ್ನು ಕಳೆದು. ಎಚ್‌ಆರ್‌ಎಗೆ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಹೊಸದರಲ್ಲಿ ಇಲ್ಲ. ಬಾಡಿಗೆ 8,000ದ ಊರಿನಲ್ಲಿ ಲೀಸ್‌ನಿಂದ ಉಳಿಯುವುದು ಬಹಳ ಕಡಿಮೆ, ತೆರಿಗೆ ಮತ್ತು ಕಡಿತ ಸೇರಿದರೆ ಎಚ್‌ಆರ್‌ಎಯೇ ಮೇಲು ಎನಿಸಬಹುದು. 26,000ದ ಊರಿನಲ್ಲಿ ತೆರಿಗೆ ಕಟ್ಟಿದ ಮೇಲೂ ಲೀಸ್ ಲಾಭ.

ಕರಾರು ಬರೆಸುವಾಗ ಮಾಲೀಕರ ಪ್ಯಾನ್ ಬೇಕೇ ಬೇಕು. ತಿಂಗಳ ಬಾಡಿಗೆ 50,000 ದಾಟಿದರೆ ಬ್ಯಾಂಕ್ ತೆರಿಗೆ ಮುರಿದುಕೊಂಡೇ ಕೊಡುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಿಗೇ ಜಗಳ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದರ ಖರ್ಚು ಯಾರದ್ದು ಎಂದು ಕರಾರಿನಲ್ಲೇ ಬರೆಸಿ. ಅವಧಿಗೆ ಮುಂಚೆ ವರ್ಗವಾದರೆ ಮನೆ ಬಿಡಲು ಎಷ್ಟು ದಿನದ ನೋಟಿಸ್, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಂಬ ಸಾಲೂ ಇರಲಿ. ಬ್ಯಾಂಕಿನ ಅಡ್ವಾನ್ಸ್ ಮಾಲೀಕರಿಂದ ವಾಪಸ್ ಬರದಿದ್ದರೆ ಬ್ಯಾಂಕ್ ಅದನ್ನು ವಸೂಲು ಮಾಡುವುದು ಅಧಿಕಾರಿಯ ಸಂಬಳದಿಂದಲೇ.